16ನೇ ದಿನದಿಂದ 180ನೇ ದಿನದವರೆಗೆ ಯಾರು?

1/9
ಫ್ರೆಂಡ್ಸ್, ಈ ಸಲ ರೀಲ್ ಇಲ್ಲ. ಒಂಬತ್ತು ಪೋಸ್ಟ್ ಇವೆ, ಎಲ್ಲಾ ಓದೋದೇ. ಒಂದೇ ಸಲಕ್ಕೆ ಆಗ್ಲಿಲ್ಲ ಅಂದ್ರೆ ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಮೊದ್ಲು ಎರಡು ನಂಬರ್ ನೆನಪಿಟ್ಕೊಳ್ಳಿ. 15 ಮತ್ತು 180.

15 ಅಂದ್ರೆ ಆಯುಷ್ಮಾನ್ ಭಾರತ್ ಯೋಜನೆಯ ದಿನಗಳು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಏನಂದ್ರೆ, ಡಿಸ್ಚಾರ್ಜ್ ಆದ್ಮೇಲೆ ಔಷಧಿ, ಪರೀಕ್ಷೆ ಇಂಥ ಖರ್ಚನ್ನ ಆ ಯೋಜನೆ ನೋಡ್ಕೊಳ್ಳೋದು 15 ದಿನದವರೆಗೆ ಮಾತ್ರ. ಅಡ್ಮಿಟ್ ಆಗದೆ ಬಂದು ಹೋಗೋ ಚಿಕಿತ್ಸೆ ಅದರಲ್ಲಿ ಬರೋದೇ ಇಲ್ಲ.

180 ಅಂದ್ರೆ ಆರು ತಿಂಗಳು. ಲಕ್ವ ಥರದ ನರದ ತೊಂದರೆಯಿಂದ ಕೈಕಾಲು ಹೋದ್ರೆ, ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಅಳೆಯೋದು ಕಾಯಿಲೆ ಬಂದು ಆರು ತಿಂಗಳಾದ ಮೇಲೆ. ಮಾರ್ಗಸೂಚಿನೇ ಹಾಗಿದೆ. ಆಮೇಲೆ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್, ಪಿಂಚಣಿ, ಬಸ್ ಪಾಸ್, ಗಾಲಿಕುರ್ಚಿ.

ಈಗ ಲೆಕ್ಕ ನೋಡಿ. 15ನೇ ದಿನಕ್ಕೆ ಆಸ್ಪತ್ರೆಯ ಬಾಗಿಲು ಮುಚ್ಚುತ್ತೆ. 180ನೇ ದಿನಕ್ಕೆ ಕಲ್ಯಾಣ ಇಲಾಖೆಯ ಬಾಗಿಲು ತೆರೆಯುತ್ತೆ. ನಡುವೆ ಆ ಮನುಷ್ಯ ಎಲ್ಲಿರ್ತಾನೆ? ಮನೆಯ ಮೂಲೆಯ ಮಂಚದ ಮೇಲೆ.

2/9
ಆರು ತಿಂಗಳು ಯಾಕೆ ಕಾಯ್ತಾರೆ? ಅದಕ್ಕೆ ಒಳ್ಳೇ ಕಾರಣ ಇದೆ. ಆ ಅವಧಿಯಲ್ಲಿ ದೇಹ ಇನ್ನೂ ಸುಧಾರಿಸ್ತಾ ಇರುತ್ತೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಅತಿ ವೇಗ, ಆಮೇಲೆ ನಿಧಾನ, ಆದ್ರೆ ನಿಲ್ಲಲ್ಲ. ಅದಕ್ಕೇ ಈಗಲೇ ಶಾಶ್ವತ ಅಂತ ಬರೆದುಕೊಡೋದು ಸರಿಯಲ್ಲ ಅಂತ ಕಾಯ್ತಾರೆ.

ಅಂದ್ರೆ ಈ ಮನುಷ್ಯ ಇನ್ನೂ ಸುಧಾರಿಸಬಹುದು ಅಂತ ಸರ್ಕಾರವೇ ಒಪ್ಕೊಂಡಿದೆ. ಒಪ್ಕೊಂಡು ಕಾಯುತ್ತೆ. ಸುಧಾರಿಸೋಕೆ ಬೇಕಾದ್ದನ್ನ ಮಾತ್ರ ಮನೆತನಕ ಕಳಿಸಲ್ಲ.

ಸುಮ್ನೆ ಮಲಗಿದ್ರೆ ಸುಧಾರಣೆ ತಾನಾಗಿ ಬರಲ್ಲ. ಮೆದುಳಿನ ಒಂದು ಭಾಗ ಸತ್ತಾಗ ಪಕ್ಕದ ಭಾಗಗಳು ಆ ಕೆಲಸ ಕಲೀಬೇಕು. ಕಲಿಯೋದು ಅಂದ್ರೆ ಅಭ್ಯಾಸ. ದಿನಾ, ನೂರಾರು ಸಲ, ಕೈ ಎತ್ತೋದು, ಕೂರೋದು, ನಿಲ್ಲೋದು. ಅಭ್ಯಾಸ ಇಲ್ಲದಿದ್ರೆ ಸ್ನಾಯು ಬಿಗಿಯುತ್ತೆ, ಬೆರಳು ಮುಷ್ಟಿಯಾಗಿ ಮಡಚಿಕೊಳ್ಳುತ್ತೆ, ಪಾದ ಕೆಳಗೆ ಜೋತು ಬೀಳುತ್ತೆ. ಒಂದು ಸಲ ಗಂಟು ಬಿಗಿದ್ರೆ ಆರು ತಿಂಗಳಾದ್ಮೇಲೆ ಬಿಡಿಸೋದು ಬಹಳ ಕಷ್ಟ.

ಬೆನ್ನುಹುರಿಗೆ ಪೆಟ್ಟಾದವರ ಕಥೆ ಇನ್ನೂ ಸೂಕ್ಷ್ಮ. ಎರಡನೇ ಮಹಾಯುದ್ಧದ ಕಾಲದವರೆಗೂ ಅಂಥವರಲ್ಲಿ ಬಹಳಷ್ಟು ಜನ ಸಾಯ್ತಿದ್ದದ್ದು ಪೆಟ್ಟಿನಿಂದ ಅಲ್ಲ, ಆಮೇಲೆ ಬರೋ ಬೆನ್ನಿನ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನೋ ಡಾಕ್ಟರ್ ಅಂಥವರಿಗೇ ಅಂತ ಒಂದು ಕೇಂದ್ರ ಶುರು ಮಾಡಿದ್ರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯನ್ನ ಮಗ್ಗಲು ಬದಲಿಸೋದು, ಮೂತ್ರಕೋಶದ ಕಾಳಜಿ, ವ್ಯಾಯಾಮ, ಕೆಲಸದ ತರಬೇತಿ, ಆಟ. ಆ ಆಟದಿಂದಲೇ ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು. ಮಗ್ಗಲು ಬದಲಿಸೋಕೆ ಮಷೀನ್ ಬೇಡ. ಹೇಳಿಕೊಡೋ ಒಬ್ರು ಬೇಕು ಅಷ್ಟೇ.

3/9
ನಮ್ಮ ಕಡೆ ಏನಾಗುತ್ತೆ ಹೇಳ್ತೀನಿ. ನಮ್ಮ ಓಣಿಯಲ್ಲೇ ಒಬ್ಬರು ಇದ್ದಾರೆ, ನಾಟಿ ಕೂಲಿಗೆ ಹೋಗ್ತಿದ್ದವರು. ಲಕ್ವ ಹೊಡೀತು. ದೂರದ ಒಂದು ಆಸ್ಪತ್ರೆಯಲ್ಲಿ ಜೀವ ಉಳಿಸಿದ್ರು, ಅದಕ್ಕೆ ಮನೆಯವರು ಇವತ್ತಿಗೂ ಕೈ ಮುಗೀತಾರೆ. ಡಿಸ್ಚಾರ್ಜ್ ದಿನ ಕೊಟ್ಟಿದ್ದು ಮೂರು ಪುಟದ ಇಂಗ್ಲಿಷ್ ಹಾಳೆ, ಒಂದು ಚೀಲ ಮಾತ್ರೆ, ಒಂದು ಮಾತು: "ಫಿಸಿಯೋ ಮಾಡ್ಸಿ."

ಎಲ್ಲಿ? ಯಾರ ಹತ್ರ? ವಾರಕ್ಕೆ ಎಷ್ಟು ಸಲ? ಆ ಹಾಳೆಯಲ್ಲಿ ಇದ್ಯಾವುದೂ ಇರ್ಲಿಲ್ಲ.

ಮನೆಗೆ ಬಂದ್ಮೇಲೆ ಪ್ರೀತಿಯಿಂದಲೇ ಎಲ್ಲಾ ತಪ್ಪಾಗುತ್ತೆ. ಎಬ್ಬಿಸೋಕೆ ಸೋತ ಕೈಯನ್ನೇ ಹಿಡಿದು ಎಳೀತಾರೆ, ಭುಜದ ಕೀಲು ಜಾರುತ್ತೆ. ಮಾತಾಡ್ಸೋಕೆ ಬಂದವರು ಮಲಗಿದ್ದವರ ಬಾಯಿಗೇ ಎಳನೀರು ಹಾಕ್ತಾರೆ. ನುಂಗೋ ಶಕ್ತಿ ಕಮ್ಮಿಯಾದವರಿಗೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮಾತು ತೊದಲಿದ್ರೆ "ಬುದ್ಧಿ ಹೋಗೈತಿ ಬಿಡು" ಅಂತಾರೆ. ಎಷ್ಟೋ ಸಲ ಬುದ್ಧಿ ನೆಟ್ಟಗಿರುತ್ತೆ, ಪದ ಮಾತ್ರ ಸಿಗ್ತಿರಲ್ಲ.

ಆಮೇಲೆ ಬರುತ್ತೆ ಪಾರಿವಾಳ. ಲಕ್ವ ಆದವರಿಗೆ ಪಾರಿವಾಳದ ರಕ್ತ ಹಚ್ಚಿ ತಿಕ್ಕಿದ್ರೆ ಸರಿ ಹೋಗುತ್ತೆ ಅನ್ನೋ ನಂಬಿಕೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದರಿಂದ ಮೆದುಳಿಗೆ ಏನೂ ಆಗಲ್ಲ. ಆದ್ರೆ ಜನ ಯಾಕೆ ಹೋಗ್ತಾರೆ ಅಂತ ನಗೋ ಮೊದ್ಲು ಯೋಚನೆ ಮಾಡಿ. ನಾಟಿ ವೈದ್ಯರು "ಇಂಥ ವಾರ ಬಾ, ಇಷ್ಟು ವಾರ ಬಾ, ಇದು ಪಥ್ಯ, ಹೀಗೆ ತಿಕ್ಕು" ಅಂತ ಹೇಳ್ತಾರೆ. ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಅಂತ ಹೇಳಿದ್ದು ಅವರೊಬ್ಬರೇ. ಆಸ್ಪತ್ರೆ ಖಾಲಿ ಬಿಟ್ಟ ಜಾಗಕ್ಕೆ ಪಾರಿವಾಳ ಬಂದು ಕೂತಿದೆ. ಮೂಢನಂಬಿಕೆ ಅಂತ ಬೈಯೋದ್ರಿಂದ ಆ ಜಾಗ ತುಂಬಲ್ಲ.

4/9
ಸಿರುಗುಪ್ಪ ತಾಲ್ಲೂಕಿನವರಿಗೆ "ಕೊನೆ ಭಾಗ" ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ತುಂಗಭದ್ರಾ ಡ್ಯಾಂ ತುಂಬಿರುತ್ತೆ, ಕಾಲುವೆಗೆ ನೀರು ಬಿಟ್ಟಿದ್ದಾರೆ ಅಂತ ಪೇಪರಲ್ಲಿ ಬಂದಿರುತ್ತೆ, ಆದ್ರೆ ಕೊನೆ ಭಾಗದ ಗದ್ದೆ ಒಣಗಿರುತ್ತೆ. ರೈತರು ರಸ್ತೆಗೆ ಬಂದು ಕೂರ್ತಾರೆ.

ನಮ್ಮ ಆರೋಗ್ಯ ವ್ಯವಸ್ಥೆಯೂ ಹಂಗೇ. ಮೇಲ್ಭಾಗದಲ್ಲಿ ನೀರು ಜೋರಾಗೇ ಇದೆ. 2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿ 108 ಓಡ್ತಿದೆ. ಹಾರ್ಟ್ ಅಟ್ಯಾಕ್ ಆದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಲಕ್ವ ಆದ ನಾಲ್ಕೂವರೆ ಗಂಟೆ ಒಳಗೆ ಹೋದ್ರೆ ರಕ್ತದ ಗಡ್ಡೆ ಕರಗಿಸೋ ಔಷಧಿ ಕೊಡಬಹುದು ಅಂತ ಪೋಸ್ಟರ್ ಹಾಕಿದ್ದಾರೆ. ಇದೆಲ್ಲಾ ಬೇಕು, ಒಂದನ್ನೂ ಕಡಿಮೆ ಮಾಡೋದು ಬೇಡ.

ಆದ್ರೆ 108 ಒಂದೇ ದಿಕ್ಕಿಗೆ ಓಡುತ್ತೆ. ಆಸ್ಪತ್ರೆ ಕಡೆಗೆ. ವಾಪಸ್ ಬರೋಕೆ ನಿಮ್ಮ ದಾರಿ ನಿಮಗೆ. ಬಳ್ಳಾರಿಯಿಂದ ತೆಕ್ಕಲಕೋಟೆಗೆ 40 ಕಿಲೋಮೀಟರ್‌ಗೂ ಮೇಲೆ. ಒಂದು ಕಾಲು ಎಳೆಯೋ ಮನುಷ್ಯ ಬಸ್ಸಿನ ಮೊದಲ ಮೆಟ್ಟಿಲು ಹತ್ತೋದು ಹೆಂಗೆ ಅಂತ ಒಂದ್ಸಲ ನಿಂತು ನೋಡಿ. ಶಕ್ತಿ ಯೋಜನೆಯಲ್ಲಿ ಜೊತೆಗೆ ಬರೋ ಅಮ್ಮನಿಗೆ ಟಿಕೆಟ್ ಫ್ರೀ. ಮೆಟ್ಟಿಲು ಹಾಗೇ ಇದೆ.

5/9
ಬಿಕಾಂ ಓದ್ತಿರೋದಕ್ಕೆ ಒಂದು ಲೆಕ್ಕ ಹಾಕ್ತೀನಿ. ಇದು ಸರ್ವೇ ಅಲ್ಲ, ಒಂದು ಅಂದಾಜು. ನಿಮ್ಮ ಊರಿನ ರೇಟ್ ಹಾಕ್ಕೊಂಡು ನೀವೂ ಮಾಡಿ.

ವಾರಕ್ಕೆ ಮೂರು ಸಲ ಫಿಸಿಯೋಥೆರಪಿ, 12 ವಾರ. ಒಟ್ಟು 36 ಸಲ.
ಒಂದ್ಸಲಕ್ಕೆ ಫೀಸ್ 300 ಅಂತ ಇಟ್ಕೊಳ್ಳಿ: 10,800.
ಜೊತೆಗೆ ಹೋಗೋರ ಒಂದು ದಿನದ ಕೂಲಿ ಹೋಯ್ತು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370. 36 ಸಲಕ್ಕೆ: 13,320.
ಮಲಗಿರೋರ ಕೂಲಿ, ವಾರಕ್ಕೆ ಆರು ದಿನದ ಹಾಗೆ 12 ವಾರಕ್ಕೆ: 26,640.
ಒಟ್ಟು 50,760 ರೂಪಾಯಿ. ಆಟೋ, ಮಾತ್ರೆ, ಡೈಪರ್ ಸೇರಿಸಿಲ್ಲ.

ಕೂಲಿ ಮಾಡೋ ಮನೆ ಏನ್ ಮಾಡುತ್ತೆ? ಮೂರನೇ ವಾರಕ್ಕೆ ಫಿಸಿಯೋ ನಿಲ್ಲುತ್ತೆ. ಆಮೇಲೆ ಎಲ್ಲರೂ "ಅವ್ರೇ ಬಿಟ್ಬಿಟ್ರು" ಅಂತಾರೆ.

ಈ ಲೆಕ್ಕದಲ್ಲಿ ಬರದೇ ಇರೋ ಒಂದು ಎಂಟ್ರಿ ಇದೆ. ನೋಡ್ಕೊಳ್ಳೋರ ಎಂಟ್ರಿ. ಎರಡು ಗಂಟೆಗೊಮ್ಮೆ ರಾತ್ರಿ ಎದ್ದು ಮಗ್ಗಲು ಬದಲಿಸೋದು ಯಾರು? ಹೆಂಡತಿ, ಸೊಸೆ, ಮಗಳು. ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಹಾಕ್ದಾಗ ಅದರಲ್ಲಿರೋ ಎಲ್ಲರೂ ಬಂಕ್ ಹೊಡೆದವರಲ್ಲ. ಮನೇಲಿ ಅಪ್ಪನ್ನೋ ಅಜ್ಜಿಯನ್ನೋ ನೋಡ್ಕೊಳ್ತಾ ಕೂತವರೂ ಇರ್ತಾರೆ, ಕಾರಣ ಹೇಳ್ಕೊಳ್ಳಲ್ಲ. ಒಂದು ಸೆಮಿಸ್ಟರ್ ಹೋದ್ರೆ ಹುಡುಗಿಗೆ ಮದುವೆ ಮಾತು ಶುರು. ಹಂಗಾಗಿ ಇದು ವಯಸ್ಸಾದವರ ವಿಷಯ ಅಂತ ಸ್ಕ್ರೋಲ್ ಮಾಡ್ಬೇಡಿ. ಒಬ್ಬರ ಪುನರ್ವಸತಿ ನಿಂತ್ರೆ ಮನೆಯಲ್ಲಿ ಇನ್ನೊಬ್ಬರ ಓದು ನಿಲ್ಲುತ್ತೆ.

2024-25ರ ರಾಜ್ಯ ಬಜೆಟ್‌ನಲ್ಲಿ ಆರೈಕೆ ಮಾಡೋರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಣೆ ಮಾಡಿದ್ರು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ನೋಡ್ಕೊಳ್ಳೋರಿಗೆ. ಆರೈಕೆ ಒಂದು ಕೆಲಸ ಅಂತ ಬಜೆಟ್ ಪುಸ್ತಕ ಒಪ್ಪಿದ್ದು ದೊಡ್ಡದು. ಆ ಘೋಷಣೆಯ ಪಟ್ಟಿಯಲ್ಲಿ ಲಕ್ವ ಇಲ್ಲ, ಬೆನ್ನುಹುರಿ ಪೆಟ್ಟೂ ಇಲ್ಲ.

6/9
ಈಗ ನನ್ನ ಮುಖ್ಯ ಮಾತು. ಇದನ್ನ ಮಾಡೋಕೆ ನಮಗೆ ಬರಲ್ಲ ಅನ್ನೋದು ಸುಳ್ಳು. ನಮ್ಮ ಇದೇ ವ್ಯವಸ್ಥೆ ಇದನ್ನ ಆಗಲೇ ಮಾಡ್ತಿದೆ. ಹೆರಿಗೆಗೆ.

ಬಸಿರು ಅಂತ ಗೊತ್ತಾದ ದಿನದಿಂದ ತಾಯಿ ಕಾರ್ಡ್. ಹೆರಿಗೆ ಆದ್ಮೇಲೆ ತಾಯಿ ಮಗುನ ಮನೆಗೆ ಬಿಡೋಕೆ ನಗು-ಮಗು ವಾಹನ. ಆಮೇಲೆ ಆಶಾ ಕಾರ್ಯಕರ್ತೆ ಮನೆಗೇ ಬರ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ರೆ 3, 7, 14, 21, 28 ಮತ್ತು 42ನೇ ದಿನ. ಮಗುವಿನ ತೂಕ ನೋಡ್ತಾರೆ, ಜ್ವರ ನೋಡ್ತಾರೆ, ತಾಯಿಗೆ ಹಾಲುಣಿಸೋದು ಹೇಳಿಕೊಡ್ತಾರೆ, ಅಪಾಯದ ಲಕ್ಷಣ ಕಂಡ್ರೆ ಆಸ್ಪತ್ರೆಗೆ ಕಳಿಸ್ತಾರೆ. ಆರು ಭೇಟಿ ಮುಗಿದ್ರೆ ಅವರಿಗೆ 250 ರೂಪಾಯಿ.

ಗಮನಿಸಿ. ಒಂದು ಕಾರ್ಡ್, ಆರು ತಾರೀಖು, ಮನೆಗೆ ಬರೋ ಒಬ್ಬ ಮನುಷ್ಯೆ. ಇಷ್ಟೇ. ಹೆರಿಗೆ ಆದವಳನ್ನ "ಹೋಗಮ್ಮ, ಮಗುನ ಬೆಳೆಸ್ಕೋ" ಅಂತ ಗೇಟಿನಲ್ಲಿ ಬಿಟ್ಟುಬಿಡೋದು ತಪ್ಪು ಅಂತ ನಾವು ಒಪ್ಕೊಂಡ್ವಿ. ಅರ್ಧ ದೇಹ ಹೊಸದಾಗಿ ಕಲೀಬೇಕಾದ ಮನುಷ್ಯನನ್ನ ಹಂಗೇ ಬಿಡೋದನ್ನ ಮಾತ್ರ ಸಹಜ ಅಂದ್ಕೊಂಡಿದ್ದೀವಿ.

ಪುನರ್ವಸತಿಗೂ ಅದೇ ಥರ ಒಂದು ಕಾರ್ಡ್ ಬೇಕು. ಕನ್ನಡದಲ್ಲಿ ಒಂದು ಪುಟ. ಡಿಸ್ಚಾರ್ಜ್ ದಿನ ಇವರು ಏನೇನು ಮಾಡಬಲ್ಲರು: ಕೂರ್ತಾರಾ, ನಿಲ್ತಾರಾ, ನುಂಗ್ತಾರಾ, ಮಾತಾಡ್ತಾರಾ. ಮನೇಲಿ ದಿನಾ ಏನು ಮಾಡಿಸ್ಬೇಕು. ಏನು ಮಾಡ್ಲೇಬಾರ್ದು. ಮನೆಗೆ ಭೇಟಿ ಕೊಡೋ ತಾರೀಖು: 7, 15, 30, 60, 90, 180. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಸಿಗೋ ವಾರ. ಒಂದು ಹೆಸರು, ಒಂದು ಫೋನ್ ನಂಬರ್.

ಅಕೌಂಟ್ಸ್ ಓದಿದವರಿಗೆ ಇದು ಸುಲಭ. ಈ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸ್ ಮುಂದಿನ ವರ್ಷದ ಓಪನಿಂಗ್ ಬ್ಯಾಲೆನ್ಸ್ ಆಗ್ಲೇಬೇಕು. ಮುಂದಕ್ಕೆ ಒಯ್ಯದೆ ಪುಸ್ತಕ ಮುಚ್ಚಿದ್ರೆ ಫಸ್ಟ್ ಇಯರ್‌ನಲ್ಲೇ ಮಾರ್ಕ್ಸ್ ಕಟ್. ಆಸ್ಪತ್ರೆಯಲ್ಲಿ ಅದನ್ನ ಡಿಸ್ಚಾರ್ಜ್ ಅಂತಾರೆ.

7/9
"ಯಾರು ಮಾಡ್ತಾರೆ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ.

ಆಶಾ ಅಕ್ಕಂದಿರ ಮೇಲೆ ಆಗಲೇ ಬೆಟ್ಟದಷ್ಟು ಕೆಲಸ ಇದೆ. 2025ರ ಜನವರಿ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಕೂತಿದ್ದು ನೋಡಿದ್ದೀರಿ. ಅವರಿಗೆ ಇನ್ನೊಂದು ಕೆಲಸ ಬಿಟ್ಟಿಯಾಗಿ ಕಟ್ಟೋದು ನನ್ನ ಮಾತಲ್ಲ. ಭೇಟಿಗೆ ದುಡ್ಡು ಕೊಟ್ಟೇ ಮಾಡಿಸ್ಬೇಕು.

ಅವರೊಬ್ಬರೇ ಅಲ್ಲ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಿದ್ದಾರೆ. ಆಯುಷ್ಮಾನ್ ಆರೋಗ್ಯ ಮಂದಿರಗಳ 12 ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆ ಅಂತ ಬರೆದೇ ಇದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡೋಕೆ ಸಿಬ್ಬಂದಿ ಮನೆ ಬಾಗಿಲಿಗೇ ಹೋಗ್ತಾರೆ. ಬಾಗಿಲ ತನಕ ಹೋದವರು "ಒಳಗೆ ಮಂಚದ ಮೇಲೆ ಯಾರಾದ್ರೂ ಇದ್ದಾರಾ?" ಅಂತ ಇನ್ನೊಂದು ಪ್ರಶ್ನೆ ಕೇಳಬಹುದು.

ಇನ್ನೊಬ್ಬರಿದ್ದಾರೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯೋರು. ಹೆಸರಲ್ಲೇ ಪುನರ್ವಸತಿ ಇದೆ. ಆದ್ರೆ ಅವರ ಸಮಯವೆಲ್ಲಾ ಅರ್ಜಿ, ಸರ್ಟಿಫಿಕೇಟ್, ಪಿಂಚಣಿಗೆ ಹೋಗುತ್ತೆ. ಆಸ್ಪತ್ರೆಯಿಂದ "ನಿಮ್ಮ ಊರಿಗೆ ಇಂಥವರು ಬರ್ತಿದ್ದಾರೆ" ಅಂತ ಅವರಿಗೆ ಒಂದು ಫೋನ್ ಹೋದ್ರೆ ಸಾಕು, ಆರು ತಿಂಗಳ ಆಚೆ ಶುರುವಾಗೋ ಕೆಲಸ ಮೊದಲ ವಾರಕ್ಕೇ ಶುರುವಾಗುತ್ತೆ.

8/9
"ದುಡ್ಡು ಎಲ್ಲಿದೆ?" ಅನ್ನೋ ಪ್ರಶ್ನೆ ಕಾನೂನಿನಲ್ಲೇ ಅಡಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 27ನೇ ಕಲಂ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಪುನರ್ವಸತಿ ಸೇವೆ ಕೊಡ್ಬೇಕು ಅನ್ನುತ್ತೆ. ಆದ್ರೆ ಅದರ ಜೊತೆಗೇ ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಅಂತ ಒಂದು ಬಾಲ ಇದೆ. ಆ ಬಾಲ ಹಿಡ್ಕೊಂಡೇ ಎಲ್ಲರೂ ತಪ್ಪಿಸ್ಕೊಳ್ಳಬಹುದು.

ದುಡ್ಡು ಈಗಲೂ ಖರ್ಚಾಗ್ತಿದೆ, ತಪ್ಪು ಜಾಗದಲ್ಲಿ. ಮನೇಲಿ ಆದ ಬೆನ್ನಿನ ಹುಣ್ಣಿಗೆ, ನ್ಯುಮೋನಿಯಾಗೆ, ಬಿದ್ದು ಮುರಿದ ಸೊಂಟಕ್ಕೆ ಮತ್ತೆ ಅಡ್ಮಿಟ್ ಆದ್ರೆ ಅದು ಅದೇ ಆಯುಷ್ಮಾನ್ ಕಾರ್ಡಿನಿಂದ ಹೋಗುತ್ತೆ. ಮಗ್ಗಲು ಬದಲಿಸೋದು ಹೇಳಿಕೊಡೋಕೆ ದುಡ್ಡಿಲ್ಲ, ಹುಣ್ಣು ಕೊರೆದು ತೆಗೆಯೋಕೆ ಪ್ಯಾಕೇಜ್ ಇದೆ.

ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅಂಥವರು ಸೇರಿ ಒಂದು ಸಣ್ಣ ಉಪಶಾಮಕ ಆರೈಕೆ ಸಂಘ ಶುರು ಮಾಡಿದ್ರು. ಆಮೇಲೆ ಮಲಪ್ಪುರಂ ಕಡೆ ಊರಿನ ಸ್ವಯಂಸೇವಕರು ಸೇರ್ಕೊಂಡ್ರು, ವಿದ್ಯಾರ್ಥಿಗಳೂ ಬಂದ್ರು. 2008ರಲ್ಲಿ ರಾಜ್ಯ ಸರ್ಕಾರ ಅದನ್ನ ನೀತಿ ಮಾಡ್ತು. ಈಗ ಅಲ್ಲಿ ಪಂಚಾಯ್ತಿಯ ನರ್ಸ್ ಮನೆಗೆ ಹೋಗ್ತಾರೆ, ಕ್ಯಾನ್ಸರ್ ಅಷ್ಟೇ ಅಲ್ಲ, ವರ್ಷಗಟ್ಟಲೆ ಮಲಗಿರೋರನ್ನೂ ನೋಡ್ತಾರೆ.

ಕೇರಳದ ಮಾತು ಬಿಡಿ ಅಂದ್ರೆ ನಮ್ಮಲ್ಲೇ ಇದೆ. ಪೋಲಿಯೋ ಆಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿ ಕಟ್ಟಿದ್ರು. ಬೆನ್ನುಹುರಿ ಪೆಟ್ಟಾದವರಿಗೆ ಅಲ್ಲಿ ತರಬೇತಿ ಇದೆ. ತಾವೇ ಗಾಲಿಕುರ್ಚಿಯಲ್ಲಿ ಬದುಕು ಕಟ್ಟಿಕೊಂಡವರು ಹೊಸಬರಿಗೆ ಹೇಳಿಕೊಡ್ತಾರೆ. ಜ್ಞಾನ ರಾಜ್ಯದಲ್ಲಿದೆ. ತೆಕ್ಕಲಕೋಟೆಗೆ, ಕುರುಗೋಡಿಗೆ, ಕೊನೆ ಭಾಗಕ್ಕೆ ಹರಿದಿಲ್ಲ.

9/9
ಸರ್ಕಾರ ಮಾಡೋವರೆಗೆ ನಾವೇನು ಮಾಡಬಹುದು? ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ನಿಮ್ಮ ಮನೆಯವರು ಯಾರಾದ್ರೂ ಡಿಸ್ಚಾರ್ಜ್ ಆಗೋ ದಿನ, ಬಿಲ್ ಕೌಂಟರ್‌ಗೆ ಹೋಗೋ ಮೊದ್ಲು ಈ ಪ್ರಶ್ನೆ ಕೇಳಿ.

ಒಂದು. ಇವತ್ತು ಇವರು ಏನು ಮಾಡಬಲ್ಲರು, ಒಂದು ತಿಂಗಳಲ್ಲಿ ಏನು ಮಾಡೋ ಹಾಗಾಗ್ಬೇಕು?
ಎರಡು. ಹೆಂಗೆ ಎಬ್ಬಿಸ್ಬೇಕು, ಹೆಂಗೆ ಮಲಗಿಸ್ಬೇಕು? ಬಾಯಲ್ಲಿ ಹೇಳೋದು ಬೇಡ, ಒಂದ್ಸಲ ಮಾಡಿ ತೋರ್ಸಿ. ಅವರನ್ನ ಕೇಳಿ ವೀಡಿಯೋ ಮಾಡ್ಕೊಳ್ಳಿ.
ಮೂರು. ನುಂಗೋಕೆ ತೊಂದರೆ ಇದ್ಯಾ? ಏನು ಕೊಡಬಾರ್ದು?
ನಾಲ್ಕು. ವ್ಯಾಯಾಮ ದಿನಕ್ಕೆ ಎಷ್ಟು ಸಲ, ನಮ್ಮ ಊರಿಗೆ ಹತ್ತಿರ ಎಲ್ಲಿ ಮಾಡಿಸ್ತಾರೆ?
ಐದು. ಯಾವ ಲಕ್ಷಣ ಕಂಡ್ರೆ ತಡ ಮಾಡದೆ ವಾಪಸ್ ಬರ್ಬೇಕು?

ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಬರೆಸ್ಕೊಳ್ಳಿ. ಬಹಳಷ್ಟು ಡಾಕ್ಟರ್, ನರ್ಸ್ ಕೇಳಿದ್ರೆ ಹೇಳ್ತಾರೆ. ಕೇಳೋಕೆ ನಮ್ಮ ದೊಡ್ಡವರಿಗೆ ಹೆದರಿಕೆ. ಇಂಗ್ಲಿಷ್ ಹಾಳೆ ಓದೋಕೆ ಬರೋ ಮೊದಲ ತಲೆಮಾರು ನಮ್ಮ ಮನೆಗಳಲ್ಲಿ ನಾವೇ. ಡಿಗ್ರಿ ಇದಕ್ಕಾದ್ರೂ ಬಳಕೆ ಆಗ್ಲಿ.

ಮಾತಾಡ್ಸೋಕೆ ಹೋದಾಗ ಬಾಳೆಹಣ್ಣು ಬಿಸ್ಕತ್ತಿನ ಬದ್ಲು ಒಂದು ಗಂಟೆ ಕೊಡಿ. ನೋಡ್ಕೊಳ್ಳೋರನ್ನ "ನೀನು ಮಲ್ಕೊ, ನಾನು ಕೂತಿರ್ತೀನಿ" ಅನ್ನಿ.

ಮುಂದಿನ ಸಲ ವೋಟ್ ಕೇಳೋಕೆ ಓಣಿಗೆ ಬಂದವರಿಗೆ ಹೊಸ ಕಟ್ಟಡ ಯಾವಾಗ ಅಂತ ಕೇಳೋ ಮೊದ್ಲು ಇದನ್ನ ಕೇಳಿ: 16ನೇ ದಿನ ನಮ್ಮ ಮನೆಗೆ ಯಾರು ಬರ್ತಾರೆ? ಹೆಸರು ಹೇಳಿ.

ನಿಮ್ಮ ಮನೆಯಲ್ಲಿ ಇಂಥ ಆರು ತಿಂಗಳು ಕಳೆದವರಿದ್ರೆ, ಏನು ಸಹಾಯ ಆಯ್ತು, ಏನು ಸಿಗಲಿಲ್ಲ ಅಂತ ಕಾಮೆಂಟ್‌ನಲ್ಲಿ ಬರೀರಿ. ಪೇಷಂಟ್ ಹೆಸರು, ಫೋಟೋ ಬೇಡ. ಊರಿನ ಹೆಸರು ಸಾಕು.

#ತೆಕ್ಕಲಕೋಟೆ #ಸಿರುಗುಪ್ಪ #ಕುರುಗೋಡು #ಬಳ್ಳಾರಿ #ಪುನರ್ವಸತಿ #ಹದಿನಾರನೇದಿನ